ನಾಲ್ಕು ಹಳದಿ ಚೀಟಿಯ ಬಯೋಡೇಟಾ

ನಮ್ಮ ಯಜಮಾನರು ಟೇಬಲ್ ಫ್ಯಾನ್ ಕಾರ್ಖಾನೆಯಲ್ಲಿ ಇಪ್ಪತ್ತಮೂರು ವರ್ಷ ತಪಾಸಣೆಯ ಮೇಜಿನ ಮುಂದೆ ಕೂತವರು. ತಯಾರಾದ ಪ್ರತಿ ಫ್ಯಾನೂ ಪೆಟ್ಟಿಗೆ ಸೇರುವ ಮೊದಲು ಅವರ ಮುಂದೆ ಬರಬೇಕು. ಅವರು ಅದನ್ನು ಓಡಿಸಿ, ತಲೆ ಎಡಕ್ಕೆ ವಾಲಿಸಿ, ಕಣ್ಣು ಮುಚ್ಚಿ ಕೇಳಬೇಕು. ಸದ್ದು ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ‘ಹೋಲ್ಡ್’ ಎಂದು ಅಚ್ಚಾದ ಹಳದಿ ಚೀಟಿ. ಹಳದಿ ಬಿದ್ದ ಫ್ಯಾನು ಅಲ್ಲಿಂದ ಒಂದು ಗೇಣೂ ಕದಲುವ ಹಾಗಿಲ್ಲ. ಚೀಟಿಯನ್ನು ಅಂಟಿಸಿದವರೇ ಕೀಳಬೇಕು, ಕೀಳುವಾಗ ಏನು ಸರಿಯಾಯಿತೆಂದು ಬಾಯಿಬಿಟ್ಟು ಹೇಳಬೇಕು. ಮಾಲೀಕರೇ ಬಂದು ನಿಂತರೂ ಇನ್ನೊಬ್ಬರ ಚೀಟಿಗೆ ಉಗುರು ತಾಗಿಸುವಂತಿಲ್ಲ. ಮದುವೆಯಾದ ಮೊದಲ ವಾರದಲ್ಲಿ ಬೇರೆ ಗಂಡಂದಿರು ಹೆಂಡತಿಯರಿಗೆ ಏನೇನು ಹೇಳುತ್ತಾರೋ ಗೊತ್ತಿಲ್ಲ, ನನಗೆ ಇವರು ಹೇಳಿದ್ದು ಈ ನಿಯಮವನ್ನು.

ಎಂಟು ತಿಂಗಳ ಹಿಂದೆ ಕಾರ್ಖಾನೆ ಮುಚ್ಚಿತು. ಕೊನೆಯ ದಿನ ಹಸಿರು ಚೀಟಿಯ ಸುರುಳಿಯನ್ನು ಸ್ಟೋರಿಗೆ ಒಪ್ಪಿಸಿ ಸಹಿ ಪಡೆದರು. ಹಳದಿಯನ್ನು ಯಾರೂ ಕೇಳಲಿಲ್ಲ, ಅರ್ಧ ಸುರುಳಿ ಮನೆಗೆ ಬಂತು.

“ತರೋದೇ ಆದ್ರೆ ಹಸಿರು ತರಬಾರದಾಗಿತ್ತಾ?” ಎಂದು ಕೇಳಿದೆ.

“ಹಸಿರು ಅಂದ್ರೆ ಕಂಪನಿ ಮಾತು ಕೊಟ್ಟ ಹಾಗೆ. ಕಂಪನಿನೇ ಇಲ್ಲ, ಮಾತು ಯಾರದ್ದು?” ಎಂದರು.

ಹೀಗಾಗಿ ನಮ್ಮ ಮನೆಗೆ ಹೋಲ್ಡ್ ಮಾತ್ರ ಬಂತು. ತೊಟ್ಟಿಕ್ಕುವ ನಲ್ಲಿಗೆ ಒಂದು, ಕುಂಟುವ ಕುರ್ಚಿಗೆ ಒಂದು, ಎರಡು ನಿಮಿಷ ಹಿಂದೆ ಬೀಳುವ ಗಡಿಯಾರಕ್ಕೆ ಒಂದು. ನಲ್ಲಿಯವನು ಬಂದು ವಾಷರ್ ಬದಲಾಯಿಸಿ ಚೀಟಿ ಕೀಳಲು ಹೋದರೆ ಇವರು ಅವನ ಕೈ ಹಿಡಿದುಕೊಂಡರು. ಮೂರು ದಿನ ಕಿವಿಗೊಟ್ಟು ಕೇಳಿದ ಮೇಲೆ, “ವಾಷರ್ ಸರಿಯಾಯ್ತು” ಎಂದು ನಲ್ಲಿಗೇ ಹೇಳಿ ಕಿತ್ತರು. ಆ ನಲ್ಲಿಯವನು ಈಗ ನಮ್ಮ ಫೋನ್ ಎತ್ತುವುದಿಲ್ಲ.

ನಾನು ಮನೆಯಲ್ಲೇ ಹೊಲಿಗೆ ಹಾಕುವವಳು. ಒಂದು ದಿನ ಶಾಲೆಯ ಸಮವಸ್ತ್ರ ಕೊಂಡೊಯ್ಯಲು ಗಿರಾಕಿ ಬಾಗಿಲಲ್ಲಿ ನಿಂತಿದ್ದಾರೆ, ನೋಡಿದರೆ ಆರು ಅಂಗಿಗಳಲ್ಲಿ ಎರಡರ ಕಾಲರಿಗೆ ಹಳದಿ ಚೀಟಿ. ನನ್ನ ಪಿತ್ತ ನೆತ್ತಿಗೇರಿತು. ಗಿರಾಕಿಯನ್ನು ಹೇಗೋ ಸಾಗಹಾಕಿ ಒಳಗೆ ಬಂದವಳೇ ಸುರುಳಿಯಿಂದ ಒಂದು ಚೀಟಿ ಹರಿದು, ಮೇಜಿನ ಮೇಲಿದ್ದ ಅವರ ಹಳೆಯ ಕಾರ್ಖಾನೆಯ ಗುರುತಿನ ಕಾರ್ಡು ಎತ್ತಿಕೊಂಡು, ಫೋಟೊದ ಮುಖದ ಮೇಲೇ ಪಟ್ಟೆಂದು ಅಂಟಿಸಿದೆ.

“ಎಲ್ಲದಕ್ಕೂ ಹಾಕ್ತೀರಲ್ಲ, ಇದಕ್ಕೂ ಇರಲಿ. ಐದು ತಿಂಗಳಿಂದ ಮನೇಲಿ ಬಿದ್ದಿದೆ. ತಿರುಗ್ತಿಲ್ಲ, ಗಾಳಿ ಬರ್ತಿಲ್ಲ” ಎಂದೆ.

ಅವರು ಕಾರ್ಡನ್ನು ಜೇಬಿಗೆ ಹಾಕಿಕೊಂಡು ಹೊರಗೆ ಹೋದರು. ಸಂಜೆ ಬಂದು ಊಟ ಮಾಡಿದರು. ಆ ವಿಷಯ ಮತ್ತೆ ಬರಲಿಲ್ಲ, ನಾನೂ ಮರೆತೆ. ಬಾಯಿ ಜೋರಿರುವವರಿಗೆ ಇದೊಂದು ಅನುಕೂಲ, ಆಡಿದ್ದೆಲ್ಲ ನೆನಪಿರುವುದಿಲ್ಲ.

ಕೆಲಸ ಹುಡುಕಲಿಲ್ಲವೆಂದಲ್ಲ. ಮೊದಲ ತಿಂಗಳೇ ಕೂತು ಬಯೋಡೇಟಾ ಬರೆದರು. ಇಡೀ ಜೀವನ ಬರೆದದ್ದು ತಪಾಸಣೆಯ ವರದಿ ಒಂದೇ, ಹಾಗಾಗಿ ಇದೂ ಅದೇ ಆಯಿತು. ವಸ್ತು: ಗಂಡಸು. ವಯಸ್ಸು: ನಲವತ್ತೊಂಬತ್ತು. ಸ್ಥಿತಿ: ಬಳಸಿದ್ದು. ಕಂಡುಬಂದ ದೋಷಗಳು: ಮೆಟ್ಟಿಲು ಹತ್ತುವಾಗ ಎಡ ಮೊಣಕಾಲಿನಲ್ಲಿ ಸದ್ದು, ಮಧ್ಯಾಹ್ನದ ಊಟದ ನಂತರ ಇಪ್ಪತ್ತು ನಿಮಿಷ ವೇಗ ಕಡಿಮೆ, ಮಾತು ಕಡಿಮೆ, ಮೇಲಿನವರು ತಪ್ಪು ಹೇಳಿದಾಗ ಮಾತು ಜಾಸ್ತಿ. ಗುಣಗಳ ಕಾಲಂ ಖಾಲಿ. ಅದನ್ನು ಹತ್ತೊಂಬತ್ತು ಕಡೆ ಕಳಿಸಿದರು.

“ಗುಣ ಯಾಕೆ ಬರೀಲಿಲ್ಲ?” ಎಂದರೆ, “ಕೆಲಸ ಮಾಡೋದು ಗುಣ ಅಲ್ಲ, ಅದು ಇರಲೇಬೇಕಾದ್ದು” ಎಂದರು.

ಹತ್ತೊಂಬತ್ತರಲ್ಲಿ ಒಂದೂ ಉತ್ತರ ಬರಲಿಲ್ಲ. ಒಂದು ಕಡೆಯವರು ಮಾತ್ರ ಫೋನ್ ಮಾಡಿ, ಇದು ಯಾವ ಯಂತ್ರದ ಬಗ್ಗೆ ಬಂದ ದೂರು ಎಂದು ವಿಚಾರಿಸಿದರು.

ನನಗೆ ನಿಜವಾಗಿ ಹೆದರಿಕೆಯಾದದ್ದು ಏಳನೆಯ ತಿಂಗಳಲ್ಲಿ. ನಲ್ಲಿ ಮತ್ತೆ ತೊಟ್ಟಿಕ್ಕತೊಡಗಿತು. ಇವರು ಪಕ್ಕದಲ್ಲೇ ಕೂತಿದ್ದಾರೆ, ತಲೆ ವಾಲಿಸಲಿಲ್ಲ. ಒಂದು ವಾರ ತೊಟ್ಟಿಕ್ಕಿತು, ಚೀಟಿ ಬೀಳಲಿಲ್ಲ. ನಾನೇ ಬೇಕೆಂದು ಒಂದು ಅಂಗಿಯ ಗುಂಡಿಯನ್ನು ಓರೆಯಾಗಿ ಹೊಲಿದು ಎದುರಿಗೆ ಹರವಿಟ್ಟೆ. ನೋಡಿದರು, ಮಡಚಿ ಪಕ್ಕಕ್ಕಿಟ್ಟರು. ಇಷ್ಟು ವರ್ಷ ಆ ಕಿವಿಯಿಂದ ತಲೆ ಚಿಟ್ಟು ಹಿಡಿಸಿಕೊಂಡವಳು ನಾನು, ಈಗ ಆ ಕಿವಿಯೇ ಸುಮ್ಮನಾಗಿತ್ತು.

ಅಷ್ಟರಲ್ಲಿ ಪತ್ರಿಕೆಯಲ್ಲಿ ಜಾಹೀರಾತು ಬಂತು. ನೀರೆತ್ತುವ ಪಂಪ್ ತಯಾರಿಸುವ ಕಾರ್ಖಾನೆಗೆ ತಪಾಸಣೆಯವರು ಬೇಕು, ಶುಕ್ರವಾರ ಬಯೋಡೇಟಾ ಸಮೇತ ಖುದ್ದಾಗಿ ಬನ್ನಿ. ಓದುವಾಗ ಇವರ ತಲೆ ಒಂದು ಕೂದಲೆಳೆಯಷ್ಟು ಎಡಕ್ಕೆ ವಾಲಿತು. ನಾನು ನೋಡಿದೆ. ಈ ಕೆಲಸ ಇವರಿಗೆ ಸಿಗದೆ ಹೋದರೆ ಆ ತಲೆ ಮತ್ತೆ ವಾಲುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ತಕ್ಷಣ ನನ್ನ ತಮ್ಮನಿಗೆ ಫೋನ್ ಮಾಡಿದೆ.

ನನ್ನ ತಮ್ಮ ವಿಮೆ ಮಾರುವವನು. ಬದುಕಿರುವವರಿಗೆ ಸಾವಿನ ಆಸೆ ಹುಟ್ಟಿಸುವಷ್ಟು ಚೆನ್ನಾಗಿ ಮಾತಾಡುತ್ತಾನೆ. ಬುಧವಾರ ಲ್ಯಾಪ್‌ಟಾಪ್ ಹಿಡಿದು ಬಂದ. ಭಾವನ ಹಳೆಯ ವರದಿ ಓದಿ ಎರಡು ಕೈಯಲ್ಲೂ ತಲೆ ಹಿಡಿದುಕೊಂಡ.

“ಭಾವ, ಮೊದಲನೇದಾಗಿ ಬಯೋಡೇಟಾ ಅನ್ನೋದು ಬಿಡಿ. ರೆಸ್ಯೂಮೆ ಅನ್ನಿ. ಇದು ಮದುವೆ ಸಂಬಂಧಕ್ಕೆ ಕೊಡೋ ಕಾಗದ ಅಲ್ಲ.”

“ಜಾಹೀರಾತಲ್ಲಿ ಬಯೋಡೇಟಾ ಅಂತಾನೇ ಇದೆ” ಎಂದರು ಇವರು.

“ಇರಲಿ. ನಿಮ್ಮ ಕೈಕೆಳಗೆ ಎಷ್ಟು ಜನ ಇದ್ರು?”

“ಇಬ್ಬರು. ಅದರಲ್ಲಿ ಒಬ್ಬ ರಜದಲ್ಲೇ ಇರ್ತಿದ್ದ.”

ನನ್ನ ತಮ್ಮ ಲ್ಯಾಪ್‌ಟಾಪಿನ ಕೀಲಿಗಳನ್ನು ಟಕಟಕ ಒತ್ತಿದ. “ಹದಿನೆಂಟು ಜನರ ತಂಡದ ಸಮರ್ಥ ನಾಯಕ.”

“ಉಳಿದ ಹದಿನಾರು ಜನ ಯಾರು?”

“ಅವರನ್ನ ಯಾರೂ ಕರೆಸಿ ಕೇಳಲ್ಲ ಭಾವ. ಹವ್ಯಾಸ ಏನು?”

“ಕೇಳಿಸಿಕೊಳ್ಳೋದು.”

“ಸಂಗೀತ?”

“ಅಲ್ಲ, ಬೇರಿಂಗ್.”

ತಮ್ಮ ನನ್ನ ಮುಖ ನೋಡಿದ. ನಾನು ಕಣ್ಣಲ್ಲೇ ಬರಿ ಎಂದೆ. ‘ಹವ್ಯಾಸ: ಪರ್ವತಾರೋಹಣ’ ಎಂದು ಬರೆದ. ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದರೆ ನಾನು ಎರಡು ಕೈಯಲ್ಲೂ ಹಿಡಿದುಕೊಳ್ಳಬೇಕಾದ ಮನುಷ್ಯ ಇವರು. ಮುಂದೆ, ‘ಎಂಥ ಒತ್ತಡದಲ್ಲೂ ನಗುನಗುತ್ತಾ ಗಡುವಿನೊಳಗೆ ಮಾಲು ಸಾಗಿಸುವ ಚಾತುರ್ಯ’ ಎಂದು ಬರೆದ. ಕಾರ್ಖಾನೆಯವರಿಗೆ ಇವರ ಮೇಲಿದ್ದ ಒಂದೇ ದೂರು ಇವರಿಂದ ಮಾಲು ಸಾಗುವುದಿಲ್ಲ ಎಂಬುದು. ಕೊನೆಗೆ, ‘ಉತ್ಪಾದನೆಯನ್ನು ದ್ವಿಗುಣಗೊಳಿಸಿದ ಹಿರಿಮೆ’ ಎಂದೂ ಸೇರಿಸಿ, ದಪ್ಪ ಕಾಗದದಲ್ಲಿ ಒಂದೇ ಒಂದು ಪ್ರತಿ ಅಚ್ಚು ಹಾಕಿಸಿ ತಂದುಕೊಟ್ಟು, ವಿಮೆಯವರ ಸಮ್ಮೇಳನಕ್ಕೆಂದು ಊರು ಬಿಟ್ಟ.

ಗುರುವಾರ ಮಧ್ಯಾಹ್ನ ನಾನು ಹೊಲಿಗೆ ಮುಗಿಸಿ ಎದ್ದರೆ ಮೇಜಿನ ಮೇಲೆ ರೆಸ್ಯೂಮೆ ಇದೆ, ಅದರ ಮೇಲೆ ನಾಲ್ಕು ಹಳದಿ ಚೀಟಿಗಳು. ಹದಿನೆಂಟರ ಮೇಲೆ ಒಂದು, ಪರ್ವತದ ಮೇಲೆ ಒಂದು, ನಗುವಿನ ಮೇಲೆ ಒಂದು, ಹಿರಿಮೆಯ ಮೇಲೆ ಒಂದು.

“ನಾಲ್ಕೇ ದೋಷ. ಸರಿ ಮಾಡಿಸಿಬಿಡು” ಎಂದರು. ಎಷ್ಟೋ ದಿನದ ಮೇಲೆ ಚೀಟಿ ಕಂಡು ನನಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ಆ ನಾಲ್ಕು ಸಾಲು ತೆಗೆದರೆ ಆ ದಪ್ಪ ಕಾಗದದಲ್ಲಿ ಉಳಿಯುವುದು ಹೆಸರು, ವಿಳಾಸ, ಫೋನ್ ನಂಬರು. ಅಷ್ಟಕ್ಕೆ ಯಾರು ಕೆಲಸ ಕೊಡುತ್ತಾರೆ? ತಮ್ಮನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಶುಕ್ರವಾರ ಬೆಳಿಗ್ಗೆ ಇವರು ಸ್ನಾನಕ್ಕೆ ಹೋದಾಗ ಕೂತು ನಾಲ್ಕನ್ನೂ ಉಗುರಲ್ಲಿ ಮೆಲ್ಲಗೆ ಎಬ್ಬಿಸಿ ಕಿತ್ತೆ. ಅಂಟು ಉಳಿದದ್ದನ್ನು ಹಿಟ್ಟು ಹಚ್ಚಿ ಉಜ್ಜಿದೆ. ಕಾಗದವನ್ನು ಫೈಲಿಗೆ ಹಾಕಿ ದಾರ ಕಟ್ಟಿದೆ.

“ಸರಿ ಮಾಡಿಸಿದ್ಯಾ?” ಎಂದರು ತಲೆ ಒರೆಸಿಕೊಳ್ಳುತ್ತಾ.

“ಹೂಂ” ಎಂದೆ.

ಮತ್ತೆ ಕೇಳಲಿಲ್ಲ. ಕಾರ್ಖಾನೆಯಲ್ಲಿ ಯಾರನ್ನೂ ನಂಬದ ಮನುಷ್ಯ ನನ್ನ ಒಂದು ‘ಹೂಂ’ ನಂಬಿ ಚಪ್ಪಲಿ ಮೆಟ್ಟಿಕೊಂಡರು.

ನಾನೂ ಜೊತೆಗೆ ಹೊರಟೆ. ಒಬ್ಬರನ್ನೇ ಕಳಿಸಿದರೆ ಬಸ್ಸಿನ ಗೇರಿನ ಸದ್ದು ಸರಿಯಿಲ್ಲವೆಂದು ಅರ್ಧ ದಾರಿಯಲ್ಲಿ ಇಳಿದು ಡ್ರೈವರಿಗೆ ಪಾಠ ಹೇಳುತ್ತಾ ನಿಂತರೂ ನಿಂತರೇ. ಕಾರ್ಖಾನೆಯ ಕಚೇರಿ ಒಂದು ಉದ್ದನೆಯ ಹಾಲು, ಅದರ ತುದಿಯಲ್ಲಿ ಪ್ಲೈವುಡ್ ಗೋಡೆಯ ಕೋಣೆ. ಗೋಡೆ ಸೊಂಟದ ಮಟ್ಟಕ್ಕೆ ನಿಂತು ಅದರ ಮೇಲೆ ಗಾಜು. ಗಾಜು ಚಾವಣಿಯನ್ನು ಮುಟ್ಟುವ ಗೋಜಿಗೆ ಹೋಗಿರಲಿಲ್ಲ, ಒಳಗಿನ ಮಾತೆಲ್ಲ ಹೊರಗಿನ ಬೆಂಚಿಗೆ ಕೇಳುತ್ತಿತ್ತು. ಇವರಿಗಿಂತ ಮೊದಲು ಹೋದ ಮೂವರೂ ಭಾರಿ ತಂಡಗಳ ಸಮರ್ಥ ನಾಯಕರು. ನನ್ನ ತಮ್ಮನಂಥ ತಮ್ಮಂದಿರು ಮನೆಗೊಬ್ಬರಂತೆ ಇದ್ದಾರೆ ಎಂದು ಆಗ ಗೊತ್ತಾಯಿತು.

ಒಳಗಿದ್ದವರು ಕಾರ್ಖಾನೆಯ ಮ್ಯಾನೇಜರ್, ನನ್ನ ವಯಸ್ಸಿನ ಹೆಂಗಸು. ಮೂಗಿನ ತುದಿಯಲ್ಲಿ ಕನ್ನಡಕ, ಮೇಜಿನ ಮೇಲೆ ಬಿಚ್ಚಿಟ್ಟ ಪಂಪು. ಇವರನ್ನು ಕೂರಿಸಿ, ಕಾಗದ ತೆಗೆದು ಓದಿದರು.

“ಹದಿನೆಂಟು ಜನರ ತಂಡ ನಡೆಸಿದ್ದೀರಿ.”

“ಇಲ್ಲ ಮೇಡಂ. ಇಬ್ಬರು” ಎಂದರು ಇವರು.

ನಾನು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ಇಲ್ಲಿ ಹದಿನೆಂಟು ಅಂತಿದೆಯಲ್ಲ?”

“ಒಂದ್ನಿಮಿಷ ಕೊಡಿ.” ಕಾಗದ ಸದ್ದು ಮಾಡಿತು. ಗಾಜಿನಾಚೆ ಇವರು ಅದನ್ನು ಬೆಳಕಿಗೆ ಹಿಡಿದು, ಓರೆ ಮಾಡಿ, ಹೆಬ್ಬೆರಳಿಂದ ನಾಲ್ಕು ಕಡೆ ಸವರಿ ನೋಡಿದರು. ಹಿಟ್ಟಿನ ಧೂಳು ಬೆರಳಿಗೆ ಬಂದಿರಬೇಕು, ಉಜ್ಜಿ ನೋಡಿಕೊಂಡರು. ಆಮೇಲೆ ಕಾಗದವನ್ನು ಫೈಲಿಗೆ ಹಾಕಿ ದಾರ ಕಟ್ಟಿ ಎದ್ದು ನಿಂತರು. “ಮೇಡಂ, ಈ ಕಾಗದ ಹೋಲ್ಡಲ್ಲಿತ್ತು. ನಾಲ್ಕು ಚೀಟಿ ಹಾಕಿದ್ದೆ. ದೋಷ ಸರಿಯಾಗದೆ ಚೀಟಿ ಕಿತ್ತು ಹೋಗಿದೆ. ಇದನ್ನ ನಿಮಗೆ ಕೊಡೋ ಹಾಗಿಲ್ಲ. ವಾಪಸ್ ತಗೊಂಡು ಹೋಗ್ತೀನಿ.”

“ಯಾರು ಕಿತ್ತಿದ್ದು?”

“ಅದು ನಾನು ನೋಡೋದಲ್ಲ ಮೇಡಂ. ನಾನು ವಸ್ತು ನೋಡ್ತೀನಿ, ಮಾಡಿದವರನ್ನ ನೋಡಲ್ಲ.”

ಮ್ಯಾನೇಜರ್ ಕುರ್ಚಿಗೆ ಒರಗಿದರು. “ಕೂತ್ಕೊಳ್ಳಿ. ಕಾಗದ ಬದಿಗಿರಲಿ. ಫ್ಯಾನ್ ಕಂಪನೀಲಿ ಇದ್ದದ್ದಾದರೂ ನಿಜ ತಾನೇ? ಏನಾದ್ರೂ ಗುರುತು ಇದೆಯಾ?”

ಇವರು ಜೇಬಿಗೆ ಕೈ ಹಾಕಿ ಹಳೆಯ ಕಾರ್ಡು ತೆಗೆದುಕೊಟ್ಟರು. ಗಾಜಿನಾಚೆಯಿಂದ ನನಗೆ ಕಂಡದ್ದು ಬರೀ ಹಳದಿ ಬಣ್ಣ. ಆಗ ನೆನಪಾಯಿತು.

“ಮುಖದ ಮೇಲೇ ಹೋಲ್ಡ್ ಇದೆಯಲ್ರೀ?”

“ಹೌದು ಮೇಡಂ. ಮೂರು ತಿಂಗಳಾಯ್ತು.”

“ಕಿತ್ತು ಹಾಕಬಾರದಾ?”

“ನಾನು ಅಂಟಿಸಿದ್ದಲ್ಲ ಅದು. ಅಂಟಿಸಿದವರೇ ಕೀಳಬೇಕು.” ಮತ್ತೆ ಹೇಳಿದರು, “ಕಾರಣಾನೂ ಸರಿಯಾಗೇ ಇತ್ತು. ತಿರುಗ್ತಿಲ್ಲ, ಗಾಳಿ ಬರ್ತಿಲ್ಲ ಅಂತ. ಅದು ಇನ್ನೂ ಸರಿಯಾಗಿಲ್ಲ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಬೆಂಚಿನಲ್ಲೇ ಕೂತಿರುತ್ತಿದ್ದೆ, ಜಗಳಕ್ಕೆ ನಾನು ಯಾವತ್ತೂ ತಯಾರು. ಹವಾಮಾನ ಹೇಳುವ ಹಾಗೆ ಹೇಳಿದರು. ಬಾಯಿಗೆ ಬಂದದ್ದನ್ನು ಆಡಿ ನಾನು ಮರೆತೆ, ಈ ಮನುಷ್ಯ ಅದನ್ನು ಮೂರು ತಿಂಗಳು ಎದೆಯ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದಾರೆ, ಕೀಳಲು ನನಗಾಗಿ ಕಾದಿದ್ದಾರೆ. ಇವರು ನಂಬಿ ಹಾಕಿದ ನಾಲ್ಕನ್ನು ನಾನು ಸ್ನಾನ ಮುಗಿಯುವಷ್ಟರಲ್ಲಿ ಕಿತ್ತೆಸೆದಿದ್ದೆ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಎದ್ದು ಬಾಗಿಲು ತಳ್ಳಿಕೊಂಡು ಒಳಗೆ ಹೋದೆ.

“ಕಿತ್ತಿದ್ದು ನಾನು ಮೇಡಂ” ಎಂದೆ. “ಕಾಗದದ್ದು. ಅಂಟಿಸಿದ್ದೂ ನಾನೇ, ಕಾರ್ಡಿಂದು. ನಾನು ಇವರ ಹೆಂಡತಿ.”

“ಹೆಂಡತಿ ಅಂತ ಎರಡನೇ ಮಾತಿಗೇ ಗೊತ್ತಾಯ್ತು” ಎಂದರು ಮ್ಯಾನೇಜರ್. ಇವರ ಕಡೆ ತಿರುಗಿ, “ನಮ್ಮಲ್ಲೂ ಇದೇ ಗೋಳು ನೋಡಿ. ಲಾರಿ ಬಂದು ನಿಂತ್ರೆ ಸಾಕು, ಯಾರೋ ಹೋಲ್ಡ್ ಕಿತ್ತು ಪಂಪು ಹತ್ತಿಸಿಬಿಡ್ತಾರೆ. ಹದಿನೈದು ದಿನದಲ್ಲಿ ಅಷ್ಟೂ ವಾಪಸ್ ಬರ್ತವೆ. ನೀವಾಗಿದ್ರೆ ಕಿತ್ತವರನ್ನ ಏನ್ಮಾಡ್ತಿದ್ರಿ?”

“ಏನೂ ಮಾಡಲ್ಲ. ಅವಸರ ಮಾಡಿದ್ದು ಯಾರು ಅಂತ ಕೇಳ್ತೀನಿ. ಯಾರೂ ಖುಷಿಗೆ ಕೀಳಲ್ಲ ಮೇಡಂ, ಮೇಲಿಂದ ಒತ್ತಡ ಇರತ್ತೆ.”

“ಇಲ್ಲಿ ಅವಸರ ಮಾಡಿದ್ದು ಯಾರು?”

“ನಾನೇ” ಎಂದರು. “ಎಂಟು ತಿಂಗಳು ಮನೇಲಿ ಕೂತಿದ್ದೀನಲ್ಲ. ಇವಳು ಒಬ್ಬಳೇ ಎಷ್ಟು ಅಂತ ಹೊಲೀತಾಳೆ?”

ಹೊರಗಿನ ಬೆಂಚಿನಲ್ಲಿದ್ದ ಇನ್ನಿಬ್ಬರು ಸಮರ್ಥ ನಾಯಕರು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಮ್ಯಾನೇಜರ್ ಡ್ರಾಯರಿನಿಂದ ಒಂದು ಬಿಳಿ ಹಾಳೆ ತೆಗೆದು ಇವರ ಮುಂದೆ ತಳ್ಳಿದರು.

“ನಿಮ್ಮ ಬಯೋಡೇಟಾ ನೀವೇ ಬರೀರಿ. ದೋಷ ಬೇಡ, ಗುಣಾನೂ ಬೇಡ. ಏನು ಮಾಡಿದ್ರಿ ಅಷ್ಟು ಬರೀರಿ.”

ಇವರು ಪೆನ್ನಿನ ಕ್ಯಾಪು ತೆಗೆದು, ಹಾಳೆಯ ಅಂಚು ಮೇಜಿನ ಅಂಚಿಗೆ ಸರಿಯಾಗಿ ಕೂರುವ ಹಾಗೆ ಇಟ್ಟುಕೊಂಡು ಬರೆದರು. ನಾನು ಹೆಗಲ ಮೇಲಿಂದ ಓದಿದೆ.

‘ಇಪ್ಪತ್ತಮೂರು ವರ್ಷ ಫ್ಯಾನು ನೋಡಿದೆ. ದಿನಕ್ಕೆ ಸುಮಾರು ಅರವತ್ತು. ನಾನು ಹಸಿರು ಚೀಟಿ ಹಾಕಿದವುಗಳಲ್ಲಿ ವಾಪಸ್ ಬಂದದ್ದು ನಲವತ್ತೊಂದು. ನಲವತ್ತೊಂದೂ ನೆನಪಿವೆ.’

ನನ್ನ ತಮ್ಮ ದಪ್ಪ ಕಾಗದ ತುಂಬಿಸಿಯೂ ಹೇಳಲಾಗದ್ದು ಅಲ್ಲಿತ್ತು. ಮ್ಯಾನೇಜರ್ ಎರಡು ಸಲ ಓದಿದರು. “ಮೂವತ್ತನೇದು?” ಎಂದರು ಪರೀಕ್ಷೆ ಮಾಡುವವರ ಹಾಗೆ.

“ನೀಲಿ ಬಣ್ಣ, ಚಿಕ್ಕ ಸೈಜು. ಹಿಂದಿನ ಸ್ಕ್ರೂ ಅರ್ಧ ಸುತ್ತು ಸಡಿಲ ಇತ್ತು. ಅವತ್ತು ನನಗೆ ನೆಗಡಿ, ಕಿವಿ ಮುಚ್ಚಿಹೋಗಿತ್ತು. ರಜ ಹಾಕಬೇಕಿತ್ತು.”

ಮ್ಯಾನೇಜರ್ ಮೇಜಿನ ಮೇಲಿದ್ದ ಪಂಪನ್ನು ಜೋಡಿಸಿ ಸ್ವಿಚ್ ಒತ್ತಿದರು. ಅದು ಗುಂಯ್ಯೆಂದಿತು. ಇವರ ತಲೆ ಎಡಕ್ಕೆ ವಾಲಿತು, ಕಣ್ಣು ಮುಚ್ಚಿತು. ಪಂಪು ಏನಾದರೂ ಆಗಲಿ, ಆ ತಲೆ ವಾಲಿದ್ದು ನೋಡಿ ನನಗೆ ಅರ್ಧ ಕೆಲಸ ಸಿಕ್ಕಿದಷ್ಟು ಸಮಾಧಾನವಾಯಿತು.

“ಇದನ್ನ ಬಿಡಬೇಡಿ ಮೇಡಂ. ಒಳಗಿನ ಬೇರಿಂಗ್ ಓರೆ ಕೂತಿದೆ.”

“ಇದು ಮಾಲೀಕರ ಮನೆಗೆ ಹೋಗಬೇಕಾದ ಪಂಪು.”

“ಹಾಗಾದ್ರೆ ಬಿಡಲೇಬೇಡಿ.”

ಮ್ಯಾನೇಜರ್ ಮೊದಲ ಸಲ ನಕ್ಕರು. ಸೋಮವಾರದಿಂದ ಬನ್ನಿ, ಮೂರು ತಿಂಗಳು ನೋಡೋಣ ಎಂದರು. ಇವರು, ನಿಮ್ಮ ಆಫೀಸಿನ ಬಾಗಿಲ ಕೀಲು ಕಿರುಗುಟ್ಟುತ್ತೆ, ಅದನ್ನೂ ನೋಡಬಹುದಾ ಎಂದರು. ನಾನು ನಿಂತಲ್ಲಿಂದಲೇ ಅವರ ಕಾಲು ತುಳಿದೆ.

“ಈ ಕಾರ್ಡಿಂದು ಒಂದು ಜೆರಾಕ್ಸ್ ಬೇಕು” ಎಂದು ಮ್ಯಾನೇಜರ್ ಕಾರ್ಡನ್ನು ನನ್ನ ಕಡೆ ಚಾಚಿದರು. “ಮುಖ ಕಾಣಬೇಕು.”

ಕಾರ್ಡು ತೆಗೆದುಕೊಂಡೆ. ಮೂರು ತಿಂಗಳ ಅಂಟು, ಗಟ್ಟಿಯಾಗಿ ಹಿಡಿದಿತ್ತು. ಮೂಲೆಯಿಂದ ಉಗುರಲ್ಲಿ ಎಬ್ಬಿಸಿದೆ. ಬೆಳಿಗ್ಗೆ ನಾಲ್ಕನ್ನು ಎಬ್ಬಿಸಿದ್ದೂ ಇದೇ ಉಗುರು. ಚೀಟಿಯ ಜೊತೆ ಫೋಟೊದ ಮೀಸೆಯೂ ಅರ್ಧ ಕಿತ್ತು ಬಂತು. ಉಳಿದ ಮುಖ ನನ್ನನ್ನೇ ನೋಡುತ್ತಿತ್ತು, ಇಪ್ಪತ್ತಮೂರು ವರ್ಷದ ಹಿಂದಿನದು, ಆಗಲೇ ಸ್ವಲ್ಪ ಎಡಕ್ಕೆ ವಾಲಿತ್ತು.

ಇವರು ಕೈಕಟ್ಟಿಕೊಂಡು ಕಾಯುತ್ತಿದ್ದರು. ನಿಯಮ ನಿಯಮವೇ.

“ಏನು ಸರಿಯಾಯ್ತು?” ಎಂದು ಕೇಳಿದರು.

ಕೆಲಸ ಸಿಕ್ತು ಅನ್ನಬಹುದಾಗಿತ್ತು. ಅವರು ಒಪ್ಪಿಕೊಳ್ಳುತ್ತಿದ್ದರು ಕೂಡ.

“ವಸ್ತು ಮೊದಲಿಂದ ಸರಿಯಾಗೇ ಇತ್ತು” ಎಂದೆ. “ನೋಡಿದವಳದ್ದು ತಪ್ಪು.”

ಅವರು ಕಾರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು, ಅರ್ಧ ಮೀಸೆಯನ್ನು ಹೆಬ್ಬೆರಳಿಂದ ಒಮ್ಮೆ ಸವರಿ ನೋಡಿದರು.

“ಆಗತ್ತೆ” ಎಂದರು. “ನಂದೂ ನಲವತ್ತೊಂದು ಇದೆ.”